ಯಾವ ಭಾಗ, ಯಾವಾಗ?

ಗೇಮಿಂಗ್ ಕಂಪ್ಯೂಟರಿನ ವಿಷಯದಲ್ಲಿ ಮನೆಗಳಲ್ಲಿ ಏಳುವ ವಾಗ್ವಾದ ನಿಮಗೆ ಹೊಸದೇನಲ್ಲ. 'ಗ್ರಾಫಿಕ್ಸ್ ಕಾರ್ಡ್ ಹಳೆಯದಾಯಿತು' ಎಂದು ಮಗ, 'ಇದ್ದುದೇ ಸಾಕು' ಎಂದು ತಂದೆ. ಇಬ್ಬರೂ ಅಳೆದು ನೋಡಿರುವುದಿಲ್ಲ ಎಂಬುದಷ್ಟೇ ನನ್ನ ತಕರಾರು.

ನಮ್ಮ ಧರ್ಮಕೇಂದ್ರದ ಒಂದು ಮನೆಯ ಮಾತನ್ನು ಅವರ ಒಪ್ಪಿಗೆ ಪಡೆದೇ ಹೇಳುತ್ತೇನೆ. ಕಚೇರಿಯ ಕಂಪ್ಯೂಟರನ್ನು ಬಿಚ್ಚಿ ಜೋಡಿಸುವ ಅಭ್ಯಾಸ ನನಗಿರುವುದರಿಂದ ಅಹವಾಲು ನನ್ನ ಬಳಿಗೇ ಬಂತು. ಮದುವೆಮನೆಗಳಲ್ಲಿ ಬಡಿಸಿ ಮಗ ಒಂದಿಷ್ಟು ಹಣ ಕೂಡಿಟ್ಟಿದ್ದ. 2018ರಲ್ಲಿ ಕೊಂಡ ಯಂತ್ರಕ್ಕೆ ಹೊಸ ಕಾರ್ಡ್ ಹಾಕಿಸುವುದು ಅವನ ಆಸೆ. ತಂಗಿಯ ಕಾಲೇಜು ಶುಲ್ಕಕ್ಕೆ ಆ ಹಣ ಸೇರಲಿ ಎಂಬುದು ತಂದೆಯ ಅಪೇಕ್ಷೆ. ದುಡಿದವನ ಮಾತಿಗೂ ತೂಕವಿದೆಯೆಂದು ನಾನು ಹೇಳಿದ್ದು ತಂದೆಗೆ ರುಚಿಸಲಿಲ್ಲ.

ಆಟದಲ್ಲಿ ಪ್ರೊಸೆಸರ್ ಲೆಕ್ಕಾಚಾರ ಮಾಡಿ ಪ್ರತಿಯೊಂದು ಚಿತ್ರಕ್ಕೂ ಅಪ್ಪಣೆ ಕೊಡುತ್ತದೆ. ಕಾರ್ಡ್ ಅದನ್ನು ಬಿಡಿಸುತ್ತದೆ. ನಿಧಾನವಾದುದಕ್ಕಾಗಿ ಇನ್ನೊಂದು ಕಾಯಲೇಬೇಕು. ಇದನ್ನು ಕಂಡುಕೊಳ್ಳಲು ಖರ್ಚಿಲ್ಲ. ಆಟದೊಳಗೆ ರೆಸಲ್ಯೂಷನ್ ತಗ್ಗಿಸಿ ನೋಡಿ. ಸೆಕೆಂಡಿಗೆ ಮೂಡುವ ಚಿತ್ರಗಳು ಹೆಚ್ಚಿದರೆ ಹೊರೆ ಕಾರ್ಡಿನ ಮೇಲಿದೆ; ಹೆಚ್ಚದಿದ್ದರೆ ಪ್ರೊಸೆಸರ್ ಮತ್ತು ರ‍್ಯಾಮ್‌ನತ್ತ ತಿರುಗಿ. ಮಾನಿಟರ್ 60 ಹರ್ಟ್ಸಿನದಾದರೆ ಸೆಕೆಂಡಿಗೆ 60ಕ್ಕಿಂತ ಹೆಚ್ಚು ಚಿತ್ರಗಳನ್ನು ಅದು ಹೇಗೂ ತೋರಿಸಲಾರದು. ಇದನ್ನು ಅಂಗಡಿಯವರು ತಾವಾಗಿ ಹೇಳುವುದು ಅಪರೂಪ.

ಒಂದು ಸಂಜೆ ಹುಡುಗನೊಡನೆ ಕುಳಿತು ಹೀಗೆಯೇ ಪರೀಕ್ಷಿಸಿದೆವು. ರೆಸಲ್ಯೂಷನ್ ಇಳಿಸಿದರೂ ಆಟದ ತಡವರಿಕೆ ನಿಲ್ಲಲಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದರೆ, ಇದ್ದ ಒಂದೇ 8 ಜಿಬಿ ರ‍್ಯಾಮ್ ತುಂಬಿ ತುಳುಕುತ್ತಿತ್ತು. ಅದರ ಜೊತೆಗೆ ಅಂಥದೇ ಇನ್ನೊಂದನ್ನು ಕೂರಿಸಿದರೆ ಸ್ಥಳ ಇಮ್ಮಡಿಯಾಗುವುದಲ್ಲದೆ ಮಾಹಿತಿ ಎರಡು ದಾರಿಗಳಲ್ಲಿ ಹರಿಯುತ್ತದೆ.

'ಬೆಲೆ ಇಳಿಯಲಿ' ಎಂದರು ತಂದೆ. ಸಾಮಾನ್ಯವಾಗಿ ಅದು ವಿವೇಕದ ಮಾತೇ. ಆದರೆ 2025ರ ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಏರಿತು. ಕಾದವರೇ ಹೆಚ್ಚು ತೆತ್ತರು. ಆದುದರಿಂದ ಪರಿಚಿತರೊಬ್ಬರು ಬಳಸಿದ್ದನ್ನೇ ಕೊಂಡೆವು.

ಕಾರ್ಡಿನ ಮಾತು ಬೇರೆ. ಅವನದು ಎನ್ವಿಡಿಯಾ ಜಿಟಿಎಕ್ಸ್ 1060. ಆ ಪೀಳಿಗೆಗೆ ಹೊಸ ಆಟಗಳ ಡ್ರೈವರ್ ಒದಗಿಸುವುದನ್ನು ಕಂಪನಿ 2025ರ ಅಕ್ಟೋಬರ್‌ನಲ್ಲಿ ನಿಲ್ಲಿಸಿತು. ಭದ್ರತಾ ತಿದ್ದುಪಡಿಗಳು 2028ರ ಅಕ್ಟೋಬರ್‌ವರೆಗೆ ಎಂದು ಘೋಷಿಸಿದೆ. ಅವನು ಆಡುವ ಆಟಗಳು ಅದರಲ್ಲಿ ಇನ್ನೂ ನಡೆಯುತ್ತಿವೆ. ಮುಂದೆ ಬದಲಿಸುವಾಗ ಪವರ್ ಸಪ್ಲೈಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 1060ಕ್ಕೆ 120 ವ್ಯಾಟ್ ಬೇಕಾದರೆ ಆರ್‌ಟಿಎಕ್ಸ್ 4060ಕ್ಕೆ 115 ಸಾಕು.

ಉಳಿದ ಹಣದಲ್ಲಿ ಶುಲ್ಕಕ್ಕೆಷ್ಟು, ಕಾರ್ಡಿಗೆಷ್ಟು ಎಂದು ಅಣ್ಣತಂಗಿಯರು ಈಗ ಲೆಕ್ಕ ಹಾಕುತ್ತಿದ್ದಾರೆ. ತಂದೆ ಈ ಬಾರಿ ನಡುವೆ ಬಾಯಿ ಹಾಕಿಲ್ಲ.