ಮಾಲ್ಗುಡಿಯ ಚಳಿಯಲ್ಲಿ ಒಂದು ಬಣ್ಣದ ಡಬ್ಬಿ

ಚಳಿ ಅಂದರೆ ಬೆಂಗಳೂರಿನ ಚಳಿ ಅಂತ ತಿಳಿದಿದ್ದೀರಾ? ಹಾಗಾದರೆ ಮಿತ್ರರೇ, ಡಿಸೆಂಬರ್ ತಿಂಗಳ ಕೊನೆಯ ವಾರ ಬೆಳಗಿನ ಜಾವ ನಾಲ್ಕೂವರೆಗೆ ಶಿವಮೊಗ್ಗ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಇಳಿದು ನೋಡಿ. ಸಿಗರೇಟಿಲ್ಲದೆಯೇ ಬಾಯಲ್ಲಿ ಹೊಗೆ! ನನ್ನ ಪಕ್ಕದಲ್ಲಿ ಮಂಕಿ ಕ್ಯಾಪು ಹಾಕಿಕೊಂಡು, ಎರಡೂ ಕೈಗಳನ್ನು ಕಂಕುಳಿಗೆ ತುರುಕಿಕೊಂಡು ನಿಂತಿದ್ದ ಆಸಾಮಿ ನನ್ನ ಸೋದರಮಾವ. "ಕ್ರಿಸ್‌ಮಸ್ ರಜಕ್ಕೆ ಜನ ಗೋವಾಕ್ಕೆ ಹೋಗ್ತಾರೆ. ನೀನು ನನ್ನನ್ನ ಫ್ರಿಜ್ಜಿನೊಳಕ್ಕೆ ಕರ್ಕೊಂಡು ಬಂದಿದೀಯಲ್ಲೋ" ಅಂತ ಆ ಕ್ಯಾಪಿನೊಳಗಿನಿಂದ ದನಿ ಬಂತು.

ನಾವು ಹೊರಟಿದ್ದು ಮಾಲ್ಗುಡಿಗೆ. ಭೂಪಟ ತೆಗೆದು ಹುಡುಕಬೇಡಿ, ಸಿಗುವುದಿಲ್ಲ. ಅದು ಆರ್.ಕೆ. ನಾರಾಯಣ್ ಅವರ ತಲೆಯೊಳಗೆ ಹುಟ್ಟಿದ ಊರು. ಅದಕ್ಕೆ ಹೆಂಚು, ಜಗಲಿ, ರೈಲ್ವೆ ಸ್ಟೇಷನ್ನು ಎಲ್ಲವನ್ನೂ ಕೊಟ್ಟು ಕಣ್ಣಿಗೆ ಕಾಣುವ ಹಾಗೆ ಮಾಡಿದವರು ನಮ್ಮ ಶಂಕರ್‌ನಾಗ್. 1986ರಲ್ಲಿ ದೂರದರ್ಶನದಲ್ಲಿ 'ಮಾಲ್ಗುಡಿ ಡೇಸ್' ಶುರುವಾದಾಗ ನಾನಿನ್ನೂ ಹುಟ್ಟಿರಲಿಲ್ಲ. ಮೊಬೈಲಿನಲ್ಲಿ ನೋಡಿ ಹುಚ್ಚು ಹಿಡಿಸಿಕೊಂಡ ತಲೆಮಾರು ನನ್ನದು. ಊರಿನ ದೃಶ್ಯಗಳಿಗೆ ಆಗುಂಬೆ, ಸ್ಟೇಷನ್ನಿನ ದೃಶ್ಯಗಳಿಗೆ ಅರಸಾಳು, ಎರಡೂ ಶಿವಮೊಗ್ಗ ಜಿಲ್ಲೆಯವೇ. ಎರಡನ್ನೂ ನೋಡಿ, ಕೂತು ಚಿತ್ರ ಬಿಡಿಸಿಕೊಂಡು ಬರಬೇಕು ಅನ್ನುವುದು ನನ್ನ ಪ್ಲಾನು.

ಚಿತ್ರ ಬಿಡಿಸುವುದು ಅಂದೆನಲ್ಲ, ಅದರ ಕಥೆ ಸ್ವಲ್ಪ ಹೇಳಿಬಿಡುತ್ತೇನೆ. ನಾನು ಪಿಯುಸಿಯನ್ನು ಅರ್ಧಕ್ಕೇ ಬಿಟ್ಟವನು. ಪುಸ್ತಕದ ಅಂಚಿನ ತುಂಬ ಅಣ್ಣಾವ್ರ ಮೂಗು, ವಿಷ್ಣು ಸಾರ್ ಕೈಯಿನ ಕಡಗ ಬರೆದುಕೊಂಡು ಕೂತವನಿಗೆ ಲೆಕ್ಕ ಎಲ್ಲಿ ಹತ್ತಬೇಕು? ಹೋಗಲಿ, ಆರ್ಟ್ ಕಾಲೇಜಿಗೆ ಸೇರೋಣ ಅಂತ ವಿಚಾರಿಸಿದರೆ ಅಲ್ಲೂ ಪಿಯುಸಿ ಕೇಳಿದರು! ಅಲ್ಲಿಗೆ ಆ ಬಾಗಿಲೂ ಮುಚ್ಚಿತು. ಈಗ ಪತ್ರಿಕೆಗಳಿಗೆ ಬರೆದು ಬದುಕುತ್ತೇನೆ. ಬಣ್ಣದ ಡಬ್ಬಿ ಹೊರಬರುವುದು ಭಾನುವಾರ, ಅದು ಬಿಟ್ಟರೆ ಹಬ್ಬ-ರಜಾ ದಿನಗಳಲ್ಲಿ. ನಾನು ಬಿಡಿಸಿದ್ದನ್ನು ಇದುವರೆಗೆ ಯಾರೂ ಕೊಂಡಿಲ್ಲ. ರೂಮಿನ ಓನರ್ ಒಂದನ್ನು ಪುಕ್ಕಟೆಯಾಗಿ ತೆಗೆದುಕೊಂಡು ಹೋಗಿ ಮೀಟರ್ ಬೋರ್ಡಿನ ಮುಂದೆ ಮರೆಯಾಗಿ ನೇತುಹಾಕಿದ್ದಾರೆ, ಅಷ್ಟೇ ನನ್ನ ಪ್ರದರ್ಶನ.

ಮಾವನದು ಹಾಗಲ್ಲ. ಅವರು ಬ್ಯಾನರ್ ಆರ್ಟಿಸ್ಟ್. ಕೆಂಪೇಗೌಡ ರಸ್ತೆಯ ಥಿಯೇಟರುಗಳ ಮುಂದೆ ಆಕಾಶಕ್ಕೆ ತಲೆ ತಾಗಿಸಿ ನಿಲ್ಲುತ್ತಿದ್ದ ಕಟೌಟುಗಳನ್ನು ಕೈಯಲ್ಲಿ ಬರೆಯುತ್ತಿದ್ದ ಕಾಲದವರು. ಸ್ಟಿಲ್ ಫೋಟೋದ ಮೇಲೆ ಚೌಕುಳಿ ಎಳೆದು, ಅದೇ ಚೌಕುಳಿಯನ್ನು ಬಟ್ಟೆಯ ಮೇಲೆ ಅಡಿಗಟ್ಟಲೆ ದೊಡ್ಡದಾಗಿ ಎಳೆದುಕೊಂಡು, ಒಂದೊಂದೇ ಮನೆ ತುಂಬುತ್ತಾ ಹೋಗುವುದು ಆ ಕೆಲಸದ ಗುಟ್ಟು. ಹತ್ತಿರ ನಿಂತರೆ ಕೆನ್ನೆಯ ಮೇಲೆ ನೀಲಿ, ಹಸಿರು ಪಟ್ಟೆ. ರಸ್ತೆಯ ಆಚೆ ನಿಂತು ನೋಡಿದರೆ ಹೀರೋ! ಅಂದಹಾಗೆ, ಎಂ.ಎಫ್. ಹುಸೇನ್ ಕೂಡ ಯೌವನದಲ್ಲಿ ಮುಂಬಯಿಯಲ್ಲಿ ಸಿನಿಮಾ ಬೋರ್ಡುಗಳನ್ನು ಬರೆದೇ ಹೊಟ್ಟೆ ಹೊರೆದುಕೊಂಡವರು. ಆಮೇಲೆ ಫ್ಲೆಕ್ಸ್ ಬಂತು. ಮಾವನ ವರ್ಕ್‌ಶಾಪಿನ ಬಾಗಿಲು ಮುಚ್ಚಿತು. ಈಗ ಅಪಾರ್ಟ್‌ಮೆಂಟ್ ಒಂದರಲ್ಲಿ ರಾತ್ರಿಪಾಳಿ ಕಾವಲು. 2018ರಲ್ಲಿ ಹೈಕೋರ್ಟು ಗದರಿಸಿ ಬೆಂಗಳೂರಿನ ಫ್ಲೆಕ್ಸುಗಳನ್ನೆಲ್ಲ ತೆಗೆಸಿತಲ್ಲ, ಆಗ ಮಾವ ಹಳೇ ಬ್ರಷ್ಷುಗಳನ್ನು ಹುಡುಕಿ ಸೀಮೆಎಣ್ಣೆಯಲ್ಲಿ ನೆನೆಹಾಕಿ ಕೂತಿದ್ದರಂತೆ. ಯಾರೂ ಫೋನ್ ಮಾಡಲಿಲ್ಲ. ಇದನ್ನು ನನಗೆ ಹೇಳಿದ್ದು ಅತ್ತೆ, ಮಾವ ಅಲ್ಲ.

ಈ ಮಾವನಿಗೆ ನನ್ನ ಭಾನುವಾರದ ಚಿತ್ರಗಳೆಂದರೆ ತಾತ್ಸಾರ. "ರಜಾ ದಿನ ಬಿಡಿಸೋದು ಆಟ ಕಣೋ. ಕೂಲಿ ಸಿಕ್ಕಿದ್ರೆ ಕೆಲಸ, ಇಲ್ಲಾಂದ್ರೆ ಟೈಂಪಾಸು" ಅನ್ನುವರು. ಹಾಗಿದ್ದೂ ನಾನು ಕರೆದ ತಕ್ಷಣ ಹೊರಟದ್ದು ಯಾಕೆ ಅಂತ ನನಗೆ ಅರಸಾಳಿನಲ್ಲಿ ಗೊತ್ತಾಯಿತು.

ರಿಪ್ಪನ್‌ಪೇಟೆ ಬಸ್ಸಿನಲ್ಲಿ ಅರಸಾಳು ಮುಟ್ಟಿದಾಗ ಬಿಸಿಲು ಆಗಷ್ಟೇ ಏಳುತ್ತಿತ್ತು. ಪುಟ್ಟ ಸ್ಟೇಷನ್ನು. ಮೀಟರ್‌ಗೇಜ್ ಕಾಲದ ಹಳೆಯ ಕಟ್ಟಡವನ್ನು ಬೀಳಿಸದೆ ರಿಪೇರಿ ಮಾಡಿ 2020ರಲ್ಲಿ 'ಮಾಲ್ಗುಡಿ ಮ್ಯೂಸಿಯಂ' ಮಾಡಿದ್ದಾರೆ. ಅದನ್ನು ರೂಪಿಸಿದವರು ಬೇರೆ ಯಾರೂ ಅಲ್ಲ, ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ. ಒಳಗೆ ಶೂಟಿಂಗಿನ ನೆನಪುಗಳು. ಆರ್.ಕೆ. ಲಕ್ಷ್ಮಣ್ ಗೆರೆಗಳ ಮುಂದೆ ನಾನು ಬಹಳ ಹೊತ್ತು ನಿಂತೆ. ಧಾರಾವಾಹಿಯ ಟೈಟಲ್ಲಿನಲ್ಲಿ ಬರುವ ಚಿತ್ರಗಳು ಅವರವೇ ತಾನೆ? ಮೈಸೂರಿನ ಈ ಹುಡುಗ ಮುಂಬಯಿಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದಾಗ, ನಿನ್ನಲ್ಲಿ ಸಾಕಷ್ಟು ಪ್ರತಿಭೆ ಇಲ್ಲ ಅಂತ ವಾಪಸು ಕಳಿಸಿದ್ದರು. ಮುಂದೆ ಎಷ್ಟೋ ವರ್ಷಕ್ಕೆ ಅದೇ ಶಾಲೆಗೆ ಅವರು ಮುಖ್ಯ ಅತಿಥಿ! ಪಿಯುಸಿ ಬಿಟ್ಟವನಿಗೆ ಇಂಥ ಕಥೆ ಕೇಳಿದರೆ ಎದೆ ಒಂದಿಂಚು ಉಬ್ಬುತ್ತದೆ. ಆದರೆ ಅವರು ಲಕ್ಷ್ಮಣ್, ನಾನು ಮೀಟರ್ ಬೋರ್ಡಿನ ಕಲಾವಿದ ಅನ್ನುವುದು ನೆನಪಾಗಿ ಅದೇ ಒಂದಿಂಚು ಇಳಿಯಿತು.

ತಿರುಗಿ ನೋಡಿದರೆ ಮಾವ ಶಂಕರ್‌ನಾಗ್ ಫೋಟೋದ ಮುಂದೆ. ಮಂಕಿ ಕ್ಯಾಪು ತೆಗೆದು ಕೈಯಲ್ಲಿ ಹಿಡಿದಿದ್ದಾರೆ. ಇನ್ನೊಂದು ಕೈಯಿನ ಹೆಬ್ಬೆರಳು ಗಾಳಿಯಲ್ಲಿ ಆ ದವಡೆಯ ಗೆರೆಯನ್ನು ಎಳೆಯುತ್ತಿದೆ.

ಹೊರಗೆ ಬೆಂಚಿನ ಮೇಲೆ ಕೂತು ಚಹಾ ಕುಡಿಯುವಾಗ ಬಾಯಿ ಬಿಟ್ಟರು. ಬ್ಯಾನರ್ ಕೆಲಸದಲ್ಲಿ ಮಾಸ್ಟರಿಗೆ ಮುಖ, ಶಿಷ್ಯರಿಗೆ ಮೈ. 1988ರಲ್ಲಿ 'ಎಸ್.ಪಿ. ಸಾಂಗ್ಲಿಯಾನ' ಬಂದಾಗ ಮಾವ ಬರೆದದ್ದು ಖಾಕಿ ಅಂಗಿ, ಬೆಲ್ಟು, ಗುಂಡಿ. "ಒಂದೊಂದು ಗುಂಡಿ ಊಟದ ತಟ್ಟೆಯಷ್ಟಗಲ ಕಣೋ!" ಅಂದರು, ಕೈ ಅಗಲಿಸಿ. ಮುಂದಿನ ಶಂಕರ್ ಪಿಕ್ಚರಿಗೆ ಮುಖ ನಿನ್ನದೇ ಅಂತ ಮಾಸ್ಟರು ಮಾತು ಕೊಟ್ಟಿದ್ದರಂತೆ. ಅಷ್ಟರಲ್ಲಿ 1990ರ ಸೆಪ್ಟೆಂಬರ್ 30, ದಾವಣಗೆರೆ ಹತ್ತಿರ ಆನಗೋಡಿನ ಅಪಘಾತ... ಆಮೇಲೂ ಶಂಕರ್ ಚಿತ್ರಗಳು ತೆರೆಗೆ ಬಂದವು. ಮಾಸ್ಟರು ಮಾತಿನಂತೆ ಬ್ರಷ್ ಕೊಟ್ಟರು. ಮಾವನೇ ಒಲ್ಲೆ ಅಂದರಂತೆ. "ನಗ್ತಾ ಇರೋ ಸ್ಟಿಲ್ಲು. ಹೋದವರನ್ನ ನಗೋ ಹಾಗೆ ಬರೆಯೋಕೆ ಕೈ ಬರಲಿಲ್ಲ. ಅಂಗೀನೇ ಕೊಡಿ ಮಾಸ್ಟ್ರೇ ಅಂದೆ."

ಚಹಾ ಆರಿತ್ತು. ಅದನ್ನೇ ಕುಡಿದು ಎದ್ದೆವು.

ತೀರ್ಥಹಳ್ಳಿ ಕಡೆಯ ಬಸ್ಸಿಗೆ ಕಾಯುವಾಗ ಇನ್ನೊಂದು ಸಂಗತಿ ನಡೆಯಿತು. ರಸ್ತೆ ಬದಿಯ ಮನೆಯೊಂದರ ಕೆಮ್ಮಣ್ಣಿನ ಗೋಡೆಯ ಮೇಲೆ ಬಿಳಿ ಗೆರೆಗಳ ದೊಡ್ಡ ಚಿತ್ರ. ಈ ಕಡೆಯ ದೀವರ ಹೆಂಗಸರು ಮದುವೆಗೆ ಬರೆಯುವ ಹಸೆ ಚಿತ್ತಾರ. ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಅಂಗಡಿಯಿಂದ ತರುವುದು ಏನೂ ಇಲ್ಲ. ಬ್ರಷ್ಷು ಕೂಡ ಪುಂಡಿ ನಾರಿನದು. ಜಗಲಿಯಲ್ಲಿ ಬಿಸಿಲು ಕಾಯಿಸುತ್ತಾ ಕೂತಿದ್ದ ಅಜ್ಜಿ ನಮ್ಮನ್ನು ನೋಡಿ, "ಪ್ಯಾಟೆಯೋರಿಗೆ ಇದ್ರಾಗೆ ನೋಡಕ್ಕೆ ಎಂತ ಐತೆ?" ಅಂದಳು. ಮೊಮ್ಮಗನ ಮದುವೆಗೆ ಬರೆದದ್ದಂತೆ. ಒಂದು ಮಳೆಗಾಲದ ತೇವ ತಿಂದು ಕೆಳಗಿನ ಅಂಚು ಉದುರಿತ್ತು.

ಮಾವ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋದರು. ಕೂದಲೆಳೆಯಂಥ ಗೆರೆಗಳು, ಒಂದಕ್ಕೊಂದು ಸಮ ಅಂತರ, ಎಲ್ಲೂ ಸೊಟ್ಟಿಲ್ಲ. "ಸ್ಕೇಲ್ ಇಟ್ಟು ಎಳೀತೀರಾ ಅಜ್ಜಿ?"

"ಮದ್ವಿ ಮನ್ಯಾಗೆ ನೂರು ಕೆಲ್ಸ. ಸ್ಕೇಲು ಎಲ್ಲಿ ಹುಡುಕನ ಮಾರಾಯಾ?"

"ಇದಕ್ಕೆ ಎಷ್ಟು ಕೊಡ್ತಾರೆ?"

ಅಜ್ಜಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಯಾರು ಕೊಡದು? ನಮ್ಮನೆ ಗೋಡೆ!"

ನಾನು ಮಾವನ ಮುಖ ನೋಡಿದೆ. ಅವರು ಬಸ್ ಬರುವ ದಾರಿ ನೋಡುತ್ತಿದ್ದರು.

ಆಗುಂಬೆ ಮುಟ್ಟುವ ಹೊತ್ತಿಗೆ ಕತ್ತಲು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು. ಮಾಗಿ ಕಾಲದಲ್ಲಿ ಒಂದು ಹನಿ ಇಲ್ಲ, ಬದಲಿಗೆ ಮಂಜು. ಮರುದಿನ ಐದೂವರೆಗೇ ಎದ್ದೆ. ದೇವಸ್ಥಾನದಲ್ಲಿ ಧನುರ್ಮಾಸದ ಪೂಜೆಯ ಗಂಟೆ. ತಲೆಗೆ ಹಚ್ಚೋಣ ಅಂದರೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಬೆಣ್ಣೆಯಾಗಿದೆ! ರಸ್ತೆ ಬದಿಯಲ್ಲಿ ಪ್ಯಾಡು ಬಿಚ್ಚಿ ಕೂತೆ.

ಚಳಿಗಾಲದಲ್ಲಿ ಬಯಲಲ್ಲಿ ಕೂತು ವಾಟರ್‌ಕಲರ್ ಮಾಡುವುದು ಎಂಥ ಪೇಚಾಟ ಅಂತ ಬಿಡಿಸಿದವನಿಗೇ ಗೊತ್ತು. ಬೆರಳು ಸೆಟೆದು ಬ್ರಷ್ ಮಾತು ಕೇಳುವುದಿಲ್ಲ. ಬೆಂಗಳೂರಿನ ಬಿಸಿಲಲ್ಲಿ ಎರಡು ನಿಮಿಷಕ್ಕೆ ಒಣಗುವ ಬಣ್ಣ ಇಲ್ಲಿ ಅರ್ಧ ಗಂಟೆಯಾದರೂ ಹಸಿಹಸಿ. ಅವಸರಪಟ್ಟು ಮೇಲೊಂದು ಪದರ ಹಚ್ಚಿದಿರೋ, ಮರ ಆಕಾಶಕ್ಕೆ ಹರಿದು ಹೋಗುತ್ತದೆ. ಹಾಗಾಗಿ ಕಾಯಬೇಕು. ಕಾಯುತ್ತಾ ಕೂತಾಗಲೇ ನನಗೆ ಕಾಣಿಸತೊಡಗಿದ್ದು: ಮಂಜು ಬಿಳಿಯಲ್ಲ, ಬುಡದಲ್ಲಿ ತುಸು ನೀಲಿ, ಮೇಲೆ ತುಸು ಅರಿಶಿನ. ಹೆಂಚಿನಿಂದ ತೊಟ್ಟಿಕ್ಕುವ ಇಬ್ಬನಿ ಅಂಗಳದಲ್ಲಿ ಸಾಲಾಗಿ ಗುಳಿ ಮಾಡಿದೆ. ಎದುರು ಮನೆಯ ಹೆಂಗಸು ಸಗಣಿ ಸಾರಿಸಿದ ಅಂಗಳದಲ್ಲಿ ಬಗ್ಗಿ, ಚುಕ್ಕಿ ಇಟ್ಟು, ನಾನು ಒಂದು ಮರ ಮುಗಿಸುವುದರೊಳಗೆ ರಂಗೋಲಿ ಮುಗಿಸಿ ಒಳಗೆ ಹೋದಳು. ಒಂದು ಸಲವೂ ಹಿಂದೆ ಸರಿದು ನಿಂತು ನೋಡಲಿಲ್ಲ! ಮಧ್ಯಾಹ್ನದೊಳಗೆ ಅದರ ಮೇಲೆ ಸ್ಕೂಟರ್ ಹಾದುಹೋಗುತ್ತದೆ, ನಾಳೆ ಮತ್ತೆ ಬರೆಯುತ್ತಾಳೆ. ನಾನಾದರೋ ವಾರಕ್ಕೊಂದು ಬಿಡಿಸಿ, ಅದನ್ನು ಯಾರೂ ಕೊಳ್ಳಲಿಲ್ಲ ಅಂತ ಆರು ದಿನ ಕೊರಗುವವನು. ರಜೆ ಬೇಕಾದದ್ದು ಚಿತ್ರಕ್ಕಲ್ಲ, ಈ ಕೊರಗಿಗೆ ಅಂತ ಅಲ್ಲಿ ಅನ್ನಿಸಿತು.

ಮಾವ ಬಂದು ನನ್ನ ಪ್ಯಾಡು ನೋಡಿದರು. "ಇಲ್ಲಿ ಖಾಲಿ ಬಿಟ್ಟಿದ್ದೀಯಲ್ಲ?"

"ಅದು ಮಂಜು ಮಾವ. ಕಾಗದಾನೇ ಬಿಳಿ."

"ನಮ್ಮಲ್ಲಿ ಹಿಂಗೆ ಬಿಟ್ಟಿದ್ರೆ ಡಿಸ್ಟ್ರಿಬ್ಯೂಟರು ಒದೀತಿದ್ದ" ಅಂದರು. ಆದರೆ ಪ್ಯಾಡು ತಕ್ಷಣ ವಾಪಸು ಕೊಡಲಿಲ್ಲ.

ಹಗಲಿನಲ್ಲಿ ಸ್ವಾಮಿಯ ಮನೆಯಾಗಿ ತೆರೆಯ ಮೇಲೆ ಕಂಡ ದೊಡ್ಡಮನೆಯನ್ನು ನೋಡಿದೆವು. ಮರದ ಕಂಬಗಳು, ನಡುವೆ ಬೆಳಕು ಇಳಿಯುವ ಅಂಗಳ. ಮಾಸ್ಟರ್ ಮಂಜುನಾಥ್ ಓಡಿದ ಜಗಲಿ, ಗಿರೀಶ್ ಕಾರ್ನಾಡರು ಅಪ್ಪನ ಗತ್ತಿನಲ್ಲಿ ನಡೆದ ಬಾಗಿಲು ಅಂತೆಲ್ಲ ನಾನು ತೋರಿಸುತ್ತಾ ಹೋದೆ. ಅಭಿಮಾನಿಗಳಿಗೆ ಹೆಚ್ಚು ಹೇಳಬೇಕೇ? ಹೋಗಿ ನೋಡಿ. ಸದ್ದು ಮಾಡಬೇಡಿ, ಅದು ಜನ ವಾಸ ಮಾಡುವ ಮನೆ.

ಸಂಜೆ ಸೂರ್ಯಾಸ್ತ ಬಿಡಿಸುವ ಕಾರ್ಯಕ್ರಮ. ಆಗುಂಬೆಗೆ ಬಂದವರೆಲ್ಲ ನೋಡುವುದು ಅದನ್ನೇ. ಮೋಡವಿಲ್ಲದ ಚಳಿಗಾಲದ ಸಂಜೆ ಘಾಟಿಯ ಅಂಚಿನಿಂದ ದೂರದ ಅರಬ್ಬೀ ಸಮುದ್ರದತ್ತ ಇಳಿಯುವ ಸೂರ್ಯ ದುಂಡಗಿದ್ದವನು ಚಪ್ಪಟೆಯಾಗಿ, ಕೊಡದ ಆಕಾರ ತಾಳಿ ಮುಳುಗುತ್ತಾನೆ. ಹೊರಡುವ ಮೊದಲು ಒಂದು ಲೋಟ ಕಷಾಯ ಅಂತ ಸಣ್ಣ ಹೋಟೆಲೊಂದಕ್ಕೆ ನುಗ್ಗಿದೆವು. ಬಾಗಿಲಲ್ಲಿ ತಗಡಿನ ಬೋರ್ಡು, ಮಳೆಗೆ ಅಕ್ಷರ ಅರ್ಧ ಅಳಿಸಿ ಹೋಗಿದೆ. 'ಕಷಾಯ' ಅನ್ನುವಲ್ಲಿ 'ಕ' ಇಲ್ಲ, 'ಷಾಯ' ಮಾತ್ರ! ನಾನು ನಕ್ಕೆ. ಮಾವ ನಗಲಿಲ್ಲ.

"ಯಜಮಾನ್ರೇ, ಇದನ್ನ ಯಾರು ಬರೆದಿದ್ದು?"

"ನಾನೇ ಮಾರಾಯ್ರೆ. ಬರೆಯುವವರು ಎಲ್ಲಿ ಸಿಗ್ತಾರೆ? ಫ್ಲೆಕ್ಸ್ ಮಾಡಿಸಬೇಕು ಅಂತ ಮಾಡಿದ್ದೆ."

ಮಾವ ನನ್ನ ಕಡೆ ತಿರುಗಿ ಕೈ ಚಾಚಿದರು. "ಆ ಡಬ್ಬಿ ಕೊಡೋ ಇಲ್ಲಿ."

ಡಬ್ಬಿಯಲ್ಲಿ ವಾಟರ್‌ಕಲರ್ ಜತೆಗೆ ಕ್ಯಾಮೆಲ್ ಪೋಸ್ಟರ್ ಕಲರಿನ ನಾಲ್ಕು ಶೀಷೆಗಳಿದ್ದವು. "ಇದು ಮಳೆಗೆ ನಿಲ್ಲಲ್ಲ, ಜೂನ್ ತನಕ ಓಡುತ್ತೆ" ಅಂತ ಮೊದಲೇ ಹೇಳಿದರು. ತಗಡನ್ನು ಇಳಿಸಿ, ಒರೆಸಿ, ಎರಡು ಕುರ್ಚಿಗಳಿಗೆ ಆನಿಸಿದರು. ಕೈ ನಡುಗುತ್ತಿತ್ತು, ಚಳಿಗೋ ಬೇರೆಯದಕ್ಕೋ ಹೇಳಲಾರೆ. ಬಲಗೈ ಮಣಿಕಟ್ಟನ್ನು ಎಡಗೈ ಮುಷ್ಟಿಯ ಮೇಲೆ ಊರಿದರು ನೋಡಿ, ನಡುಕ ನಿಂತಿತು. ಮೊದಲು ಹಳದಿಯಲ್ಲಿ 'ಕ'. ಬಳ್ಳಿಯಂತೆ ಬಳುಕುವ ತಲೆಕಟ್ಟು, ಹಳೇ ಪೋಸ್ಟರುಗಳಲ್ಲಿ ಇರುತ್ತಿತ್ತಲ್ಲ, ಅದೇ ದಪ್ಪ ಅಕ್ಷರ. ಹಿಂದೆ ಕೆಂಪು ನೆರಳು. 'ಕಷಾಯ', 'ನೀರು ದೋಸೆ', 'ಬಿಸಿ ಬನ್ಸ್' ಒಂದೊಂದಾಗಿ ಎದ್ದು ನಿಂತವು. ಘಾಟಿ ಇಳಿಯುವ ಬಸ್ಸಿನ ಡ್ರೈವರು ಇಳಿದು ಬಂದು ನಿಂತ. ಶಾಲೆಯ ಹುಡುಗರು ನಿಂತರು. ನಾಲ್ಕೈದು ಮಂದಿ ಟೂರಿಸ್ಟರು ಸನ್‌ಸೆಟ್ ಪಾಯಿಂಟಿಗೆ ಹೋಗುವವರು ಮೊಬೈಲು ತೆಗೆದು ಇದನ್ನೇ ಹಿಡಿಯತೊಡಗಿದರು.

"ಮಾವ, ಸೂರ್ಯ ಹೋಗ್ತಾನೆ" ಅಂದೆ.

"ನಾಳೆ ಬರ್ತಾನೆ. ನೀರು ಬದಲಾಯಿಸು."

ಶೀಷೆ ತೊಳೆದು ನೀರು ತುಂಬಿಕೊಂಡು ಬಂದೆ. ಮೂರು ಸಲ ಬದಲಾಯಿಸಿದೆ. ಮುಗಿಯುವ ಹೊತ್ತಿಗೆ ರಸ್ತೆಯ ಲೈಟು ಹತ್ತಿತ್ತು. ಆಕಾಶದಲ್ಲಿ ಕಿತ್ತಳೆ ಬಣ್ಣದ ಒಂದು ಗೆರೆ ಮಾತ್ರ ಉಳಿದಿತ್ತು. ಹೋಟೆಲಿನವರು ಬೋರ್ಡನ್ನು ಒಮ್ಮೆ ನೋಡಿ, ಮಾವನನ್ನು ಒಮ್ಮೆ ನೋಡಿ, ಗಲ್ಲಾ ತೆರೆದು ಐನೂರರ ಎರಡು ನೋಟು ಚಾಚಿದರು.

ಮಾವ ಬ್ರಷ್ಷನ್ನು ಅಂಗಿಯ ಚುಂಗಿಗೆ ಒರೆಸಿಕೊಂಡರು. ಆಮೇಲೆ ಕಿಸೆಗೆ ಕೈಹಾಕಿ, ನಾವು ಕುಡಿದ ಎರಡು ಲೋಟ ಕಷಾಯದ ಚಿಲ್ಲರೆ ಎಣಿಸಿ ಮೇಜಿನ ಮೇಲಿಟ್ಟರು.

"ಬೇಡಿ ಯಜಮಾನ್ರೇ. ಇವತ್ತು ನನಗೆ ರಜಾ."