ಹಕಾರದ ದಿನಗಳು

ಬಲಗಿವಿಯ ಮುಂದೆ ಅಡಿಕೆ ಗಾತ್ರದ ಗಂಟು ಕಾಣಿಸಿದಾಗ ಅತ್ತಿಗೆ ಅದನ್ನು ಮಂಗನಬಾವು ಅಂದುಬಿಟ್ಟರು. "61ನೇ ವಯಸ್ಸಿಗೆ ಮಂಗನಬಾವು ಬಂದರೆ ಮಂಗಕ್ಕೇ ಅವಮಾನ" ಎಂದು ನಾನು ನಕ್ಕೆ. ಆಗಿನ್ನೂ ನನ್ನ ನಗೆ ಎರಡೂ ಕಡೆ ಸಮವಾಗಿತ್ತು.

ಅತ್ತಿಗೆ ಜಾಗವನ್ನೇನೋ ಸರಿಯಾಗಿ ಗುರುತಿಸಿದ್ದರು. ಮಂಗನಬಾವಿನಲ್ಲಿ ಊದಿಕೊಳ್ಳುವ ಪರೋಟಿಡ್ ಎಂಬ ಜೊಲ್ಲುಗ್ರಂಥಿಯಲ್ಲೇ ನನ್ನ ಗಡ್ಡೆ ಕೂತಿತ್ತು. ಸೂಜಿ ಚುಚ್ಚಿ ಪರೀಕ್ಷೆ ಮಾಡಿದ ಮೇಲೆ ಡಾಕ್ಟರು ತಮ್ಮ ಅಂಗೈಯನ್ನು ಕೆನ್ನೆಯ ಮೇಲೆ ಬೆರಳು ಬಿಡಿಸಿ ಇಟ್ಟುಕೊಂಡು ತೋರಿಸಿದರು. ಮುಖದ ನರ ಈ ಗ್ರಂಥಿಯ ಒಳಗೇ ಹಾದು, ಹೀಗೆ ಐದು ಕವಲಾಗುತ್ತದೆ. ಕಣ್ಣು ಮುಚ್ಚುವುದು, ತುಟಿ ಕೂಡಿಸುವುದು, ನಗುವುದು ಎಲ್ಲ ಅದರದ್ದೇ ಕೆಲಸ. "ನರ ಉಳಿಸ್ತೀವಿ. ಆದರೆ ಸ್ವಲ್ಪ ದಿನ ಮುನಿಸಿಕೊಳ್ಳಬಹುದು" ಅಂದರು.

ಮುನಿಸಿಕೊಂಡಿತು. ಆಪರೇಷನ್ ಆದ ಮಾರನೆಯ ದಿನ, ಕುತ್ತಿಗೆಯಿಂದ ಇಳಿಬಿಟ್ಟ ಡ್ರೈನ್ ಬಾಟಲಿಯನ್ನು ಕೈಚೀಲದಂತೆ ಹಿಡಿದುಕೊಂಡು ಹೆಂಡತಿಯನ್ನು ಕರೆದೆ. "ಪದ್ಮಾ" ಎನ್ನಲು ಹೋದರೆ "ಹದ್ಮಾ" ಎಂದು ಬಂತು. ತುಟಿಯ ಬಲಭಾಗ ಮುಚ್ಚುತ್ತಿರಲಿಲ್ಲ, ಗಾಳಿ ಸೋರಿ ಹೋಗುತ್ತಿತ್ತು. 33 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ನನಗೆ ತಡೆಯಲಾಗಲಿಲ್ಲ. "ಹಳಗನ್ನಡದ ಪಾಲು ಹಾಲಾಗೋಕೆ, ಪುಲಿ ಹುಲಿಯಾಗೋಕೆ ಶತಮಾನಗಳೇ ಬೇಕಾದವು. ನನಗೆ ಮೂರೂವರೆ ಗಂಟೆ ಸಾಕಾಯ್ತು ನೋಡು" ಎಂದೆ. ಪದ್ಮ ನಕ್ಕಳು. ಪಕ್ಕದ ಮಂಚದವರೂ ನಕ್ಕರು.

ಮನೆಗೆ ಬಂದ ಮೇಲೆ ಜೋಕುಗಳು ಹೆಚ್ಚಾದವು. ಮಜ್ಜಿಗೆ ಕುಡಿದರೆ ಅರ್ಧ ನನಗೆ, ಅರ್ಧ ಅಂಗಿಗೆ. ಬಲಗಣ್ಣು ಮುಚ್ಚದ್ದರಿಂದ ರಾತ್ರಿ ಹನಿ ಹಾಕಿ ಟೇಪು ಅಂಟಿಸಬೇಕು. ನೋಡಲು ಬಂದ ನೆಂಟರೊಬ್ಬರು ನನ್ನ ಅರ್ಧ ನಗೆಯನ್ನು ಕೊಂಕುನಗೆ ಎಂದು ತಿಳಿದು ಬೇಜಾರು ಮಾಡಿಕೊಂಡು ಹೋದರು. ಫಿಸಿಯೋಥೆರಪಿಯ ಹುಡುಗಿ ಕನ್ನಡಿ ಮುಂದೆ ಕೂರಿಸಿ "ಪ ಫ ಬ ಭ ಮ ಹೇಳಿ ಸಾರ್" ಎನ್ನುತ್ತಿದ್ದಳು. ಓಷ್ಠ್ಯಾಕ್ಷರ ಸರಿಯಾಗಿ ಹೇಳದ ಎಷ್ಟು ಮಕ್ಕಳನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೆನೋ, ಅವರೆಲ್ಲ ಆ ಕನ್ನಡಿಯಲ್ಲಿ ಕಾಣುತ್ತಿದ್ದರು.

ಬಯಾಪ್ಸಿ ವರದಿ ಬಂದ ರಾತ್ರಿಯೂ ನಾನು ಸುಮ್ಮನಿರಲಿಲ್ಲ. ಕ್ಯಾನ್ಸರ್ ಎಂಬುದು ಖಚಿತವಾಗಿತ್ತು. ಕತ್ತರಿಸಿ ತೆಗೆದ ಭಾಗದ ಅಂಚಿಗೆ ಗಡ್ಡೆ ತೀರಾ ಹತ್ತಿರವಿದ್ದುದರಿಂದ ರೇಡಿಯೇಷನ್ ಬೇಕಿತ್ತು. ನಾನು ಅಂಚು, ಸೀರೆ ಎಂದು ಏನೋ ಶುರುಮಾಡಿದೆ. ಪದ್ಮ ಟೇಪನ್ನು ಕೈಯಲ್ಲಿ ಹಿಡಿದು ನಿಂತಿದ್ದವಳು ಹೇಳಿದಳು: "ಸಾಕು ರೀ. ನೀವು ಜೋಕು ಮಾಡಿದಾಗೆಲ್ಲ ನಾನು ನಗಬೇಕಾಗತ್ತೆ. ನನಗೆ ಅಳಬೇಕು ಅನ್ನಿಸಿ ಹದಿನೈದು ದಿನ ಆಯ್ತು."

ನನ್ನ ಧೈರ್ಯಕ್ಕೆ ಎಲ್ಲರೂ ಭೇಷ್ ಅನ್ನುತ್ತಿದ್ದರು. ಅದರ ಬಾಡಿಗೆಯನ್ನು ಅವಳು ಕಟ್ಟುತ್ತಿದ್ದಳೆಂದು ನನಗೆ ಹೊಳೆದೇ ಇರಲಿಲ್ಲ. ಆ ರಾತ್ರಿ ಅವಳು ಅತ್ತಳು. ನಾನು ಬಾಯಿ ಮುಚ್ಚಿಕೊಂಡು, ಅಂದರೆ ಮುಚ್ಚಿದಷ್ಟು ಮುಚ್ಚಿಕೊಂಡು, ಪಕ್ಕದಲ್ಲಿ ಕೂತಿದ್ದೆ.

ರೇಡಿಯೇಷನ್ ಆರು ವಾರ, ಸೋಮವಾರದಿಂದ ಶುಕ್ರವಾರ, ಒಟ್ಟು 30 ದಿನ. ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ ಮುಖಕ್ಕೆ ಅಚ್ಚು ತೆಗೆದಿದ್ದರು. ಅಲುಗಾಡದಂತೆ ಅದನ್ನು ಮೇಜಿಗೆ ಬಿಗಿಯುತ್ತಿದ್ದರು. ಬಾಯಿ ಒಣಗಿ, ಸಾರಿಗೂ ಹುಳಿಗೂ ರುಚಿಯಲ್ಲಿ ವ್ಯತ್ಯಾಸವೇ ಇಲ್ಲವಾಯಿತು. ಜೋಕು ಬಂದರೆ ಹೇಳುತ್ತಿದ್ದೆ, ಬರದಿದ್ದರೆ "ಇವತ್ತು ಭಯ ಆಗ್ತಿದೆ" ಎಂದು ಅದನ್ನೇ ಹೇಳುತ್ತಿದ್ದೆ. ಹಾಜರಿ ಮಾತ್ರ ಪೂರ್ತಿ.

ನಾಲ್ಕನೇ ತಿಂಗಳ ಒಂದು ಬೆಳಿಗ್ಗೆ, ಯೋಚಿಸದೆ, "ಪದ್ಮಾ, ಕಾಫಿ" ಎಂದು ಕೂಗಿದೆ. ಒಳಗೆ ಪಾತ್ರೆ ಸದ್ದು ನಿಂತಿತು. ಅವಳು ಬಾಗಿಲಿಗೆ ಬಂದು ಸೊಂಟಕ್ಕೆ ಕೈಯಿಟ್ಟು ಕೇಳಿದಳು: "ಯಾರ್ರೀ ಅವಳು ಪದ್ಮ? ಈ ಮನೇಲಿ ಇರೋದು ಹದ್ಮ."

ಈ ಸಲ ಅತ್ತವನು ನಾನು. ಕಣ್ಣಿಗೆ ಹಾಕಿದ ಹನಿ ಎಂದು ಸುಳ್ಳು ಹೇಳಿದೆ. ಅವಳು ನಂಬಿದಂತೆ ಮಾಡಿ ಕಾಫಿ ತಂದಳು.

ಈಗ ಮೂರು ತಿಂಗಳಿಗೊಮ್ಮೆ ತಪಾಸಣೆ. ಹಿಂದಿನ ರಾತ್ರಿ ಇಬ್ಬರಿಗೂ ನಿದ್ದೆ ಬರುವುದಿಲ್ಲ. ನಗೆಯ ಬಲಭಾಗ ಇನ್ನೂ ಅರೆಕ್ಷಣ ತಡವಾಗಿ ಬರುತ್ತದೆ. ಬರುವವರೆಗೆ ಕಾಯುತ್ತೇವೆ.