ಬಾಡಿಗೆ ಇಲ್ಲದ ಮನೆಯ ಬಾಡಿಗೆ

ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಫೀನಿಕ್ಸ್ ನಗರದಿಂದ ಪಶ್ಚಿಮಕ್ಕೆ ಸುಮಾರು 200 ಕಿಲೋಮೀಟರ್ ಹೋದರೆ ಕ್ವಾರ್ಟ್ಸ್‌ಸೈಟ್ ಅನ್ನೋ ಮರುಭೂಮಿಯ ಊರು ಸಿಗುತ್ತದೆ. ವರ್ಷವಿಡೀ ಅಲ್ಲೇ ಇರುವವರು ಎರಡೂವರೆ ಸಾವಿರದ ಆಸುಪಾಸು. ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಬಿಸಿಲಿಗೆ ಊರು ಬಿಕೋ ಅನ್ನುತ್ತದೆ. ಚಳಿಗಾಲ ಬಂತೋ, ಹಿಮ ಬೀಳುವ ರಾಜ್ಯಗಳಿಂದ, ಕೆನಡಾದಿಂದ ಲಕ್ಷಾಂತರ ಜನ ಗಾಲಿ ಮೇಲಿನ ಮನೆಗಳ ಸಮೇತ ಬಂದಿಳಿಯುತ್ತಾರೆ. ಈ ಬಂಡಿಗಳನ್ನು ಅಲ್ಲಿ ಆರ್‌ವಿ ಅಂತಾರೆ. ಮಂಚ, ಒಲೆ, ಫ್ರಿಜ್, ಬಚ್ಚಲು ಎಲ್ಲಾ ಒಳಗೇ.

2023ರ ಜನವರಿಯಲ್ಲಿ ಮಗನ ಮನೆಗೆ ಹೋಗಿದ್ದಾಗ ಈ ಊರನ್ನು ನೋಡಬೇಕು ಅಂತ ಹಟ ಹಿಡಿದದ್ದು ನಮ್ಮ ಯಜಮಾನರು. ರಿಟೈರ್ ಆದಾಗಿನಿಂದ ಅವರದು ಒಂದೇ ಹಾಡು: “ಶಿವಮೊಗ್ಗದ ಮನೆ ಮಾರಿ ಒಂದು ಕಾರವಾನ್ ತಗೊಳ್ಳೋಣ ಕಣೇ. ಬಾಡಿಗೆ ಇಲ್ಲ, ಕಂದಾಯ ಇಲ್ಲ, ದೇಶ ಸುತ್ತೋಣ.” ಹಾಗಾಗಿ ನನಗೆ ಇದು ಬರೀ ಪ್ರವಾಸ ಆಗಿರಲಿಲ್ಲ. ನನ್ನ ಮನೆಯ ಪ್ರಶ್ನೆಯೂ ಆಗಿತ್ತು.

ಊರಲ್ಲಿ ನೋಡೋಕೆ ಇರೋದು ಸ್ವಲ್ಪವೇ. ಸ್ಮಶಾನದಲ್ಲಿ ಕಲ್ಲಿನ ಸಣ್ಣ ಪಿರಮಿಡ್ಡು, ಅದರ ತುದಿಯಲ್ಲಿ ಲೋಹದ ಒಂಟೆ. ಹತ್ತೊಂಬತ್ತನೇ ಶತಮಾನದ ಮಧ್ಯದಲ್ಲಿ ಅಮೆರಿಕದ ಸೇನೆ ಮರುಭೂಮಿಯಲ್ಲಿ ಸಾಮಾನು ಸಾಗಿಸಲು ಒಂಟೆಗಳನ್ನು ತರಿಸಿತ್ತಂತೆ. ಅವುಗಳ ಜೊತೆ ಬಂದ ಹಾಜಿ ಅಲಿ ಎಂಬಾತನ ಸಮಾಧಿ ಅದು. ಜನರ ಬಾಯಲ್ಲಿ ಆತ ‘ಹೈ ಜಾಲಿ’ ಆದ. 1902ರಲ್ಲಿ ತೀರಿಕೊಂಡ.

ಊರಾಚೆ ಹೋದರೆ ಕಣ್ಣು ಹಾಯಿಸಿದಷ್ಟು ದೂರ ಬಿಳಿ ಬಂಡಿಗಳು. ಅದು ಸರ್ಕಾರದ ಜಮೀನು, ಲಾ ಪೋಸಾ ಅಂತ ಹೆಸರು. ನಾವು ಹೋದಾಗ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗಿನ ಏಳು ತಿಂಗಳಿಗೆ 180 ಡಾಲರ್ ಕಟ್ಟಿದರೆ ಸಾಕಿತ್ತು. ಕುಡಿಯುವ ನೀರು, ಕಸ ಹಾಕುವ ಜಾಗ, ಪಾಯಿಖಾನೆ ಟ್ಯಾಂಕ್ ಖಾಲಿ ಮಾಡುವ ವ್ಯವಸ್ಥೆ ಎಲ್ಲಾ ಅದರಲ್ಲೇ. ಕರೆಂಟ್ ಮಾತ್ರ ಇಲ್ಲ. ಬಂಡಿಯ ನೆತ್ತಿ ಮೇಲೆ ಸೋಲಾರ್ ಹಾಕಿಕೊಂಡಿರುತ್ತಾರೆ. ಯಜಮಾನರ ಮುಖ ಅರಳಿತು. “ನೋಡಿದ್ಯಾ? ತಿಂಗಳಿಗೆ 26 ಡಾಲರ್ ಕೂಡ ಇಲ್ಲ!”

ಅಲ್ಲಿ ನನ್ನ ಸೊಸೆಯ ಹಳೆಯ ಸಹೋದ್ಯೋಗಿ ಒಬ್ಬರಿದ್ದರು. ವಯಸ್ಸು 68, ಒಂಟಿ ಜೀವ. ಫೀನಿಕ್ಸ್‌ನ ಫ್ಲ್ಯಾಟಿನ ಬಾಡಿಗೆ ವರ್ಷವರ್ಷ ಏರಿ, ಪಿಂಚಣಿಯ ಅರ್ಧಕ್ಕಿಂತ ಹೆಚ್ಚನ್ನು ನುಂಗತೊಡಗಿದಾಗ ಕೈಲಿದ್ದ ಉಳಿತಾಯದಲ್ಲಿ ಹಳೆಯ ಬಂಡಿಯೊಂದನ್ನು ಕೊಂಡವರು. ನಮಗೆ ಕಾಫಿ ಮಾಡಿಕೊಟ್ಟರು. ಲೋಟಗಳನ್ನು ಅರ್ಧ ಚೊಂಬು ನೀರಲ್ಲಿ ತೊಳೆದದ್ದನ್ನು ನೋಡಿ, ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾಯೋ ನಮ್ಮ ಹೆಂಗಸರು ನೆನಪಾದರು. “ಖರ್ಚು ಎಷ್ಟಾಗುತ್ತೆ?” ಅಂತ ನಾನೇ ಕೇಳಿದೆ. ಅವರು ಬೇಸರ ಮಾಡಿಕೊಳ್ಳದೆ ಲೆಕ್ಕದ ಪುಸ್ತಕ ತಂದಿಟ್ಟರು.

ಅವರ ಬಂಡಿ ಲೀಟರ್ ಪೆಟ್ರೋಲಿಗೆ ನಾಲ್ಕು ಕಿಲೋಮೀಟರ್ ಕೊಟ್ಟರೆ ಹೆಚ್ಚು. 800 ಕಿಲೋಮೀಟರ್ ಓಡಿಸಿದರೆ 200 ಲೀಟರಿಗೂ ಮೇಲೆ ಬೇಕು. ಗ್ಯಾಲನ್ನಿಗೆ ಮೂರು ಡಾಲರಿನ ಮೇಲಿದ್ದ ಅಂದಿನ ದರದಲ್ಲಿ, ಏಳು ತಿಂಗಳ ಜಾಗದ ಹಣ ಒಂದೇ ಪ್ರಯಾಣಕ್ಕೆ ಮುಗೀತು. “ಸುಮ್ಮನೆ ನಿಂತರೆ ಅಗ್ಗ, ಹೊರಟರೆ ದುಬಾರಿ” ಅಂದರು. ನಿಂತೇ ಇರೋಕೂ ಆಗಲ್ಲವಲ್ಲ! ಏಪ್ರಿಲ್ ಕಳೆದರೆ ಬಿಸಿಲು ಓಡಿಸುತ್ತದೆ. ಆಗ ಫ್ಲ್ಯಾಗ್‌ಸ್ಟಾಫ್ ಕಡೆಯ ಎತ್ತರದ ಕಾಡಿಗೆ ಹೋಗಬೇಕು. ಅಲ್ಲಿ ಹಣ ಕೊಡದೆ ತಂಗಬಹುದಾದ ಸರ್ಕಾರಿ ಜಾಗಗಳಲ್ಲೂ ಸಾಮಾನ್ಯವಾಗಿ 14 ದಿನ ಅಷ್ಟೇ, ಆಮೇಲೆ ಎಬ್ಬಿಸುತ್ತಾರೆ. ಎಸಿ ಬೇಕು ಅಂದರೆ ಕರೆಂಟ್ ಇರುವ ಖಾಸಗಿ ಪಾರ್ಕಿಗೆ ಹೋಗಿ ತಿಂಗಳಿಗೆ ನೂರಾರು ಡಾಲರ್ ತೆರಬೇಕು.

ಪುಸ್ತಕದ ಉಳಿದ ಹಾಳೆಗಳಲ್ಲಿ ಇದ್ದದ್ದು: ಬಂಡಿಯ ವಿಮೆ. ಅಡುಗೆಗೂ ಹೀಟರಿಗೂ ಗ್ಯಾಸ್. ಫೋನ್, ಇಂಟರ್ನೆಟ್. ಬಟ್ಟೆ ಒಗೆಯೋಕೆ ನಾಣ್ಯ ಹಾಕುವ ಮೆಷಿನ್. ಇನ್ನೊಂದು ನನಗೆ ಹೊಸದು, ವಿಳಾಸದ ಖರ್ಚು! ಮನೆ ಇಲ್ಲದಿದ್ದರೂ ಲೈಸೆನ್ಸಿಗೆ, ಬ್ಯಾಂಕಿಗೆ ಒಂದು ವಿಳಾಸ ಬೇಕಲ್ಲ. ಇಂಥವರಲ್ಲಿ ಬಹಳಷ್ಟು ಜನ ಸೌತ್ ಡಕೋಟಾ, ಟೆಕ್ಸಸ್, ಫ್ಲೋರಿಡಾಗಳಲ್ಲಿ ಒಂದು ವಿಳಾಸ ಮಾಡಿಕೊಂಡು, ಬಂದ ಟಪಾಲನ್ನು ಇದ್ದಲ್ಲಿಗೆ ಕಳಿಸುವವರಿಗೆ ವರ್ಷವರ್ಷ ಶುಲ್ಕ ಕಟ್ಟುತ್ತಾರೆ. ಆ ಮೂರೂ ರಾಜ್ಯಗಳಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ.

ರಿಪೇರಿಗೆ ಬೇರೆ ಕೆಂಪು ಶಾಯಿ. ಹಿಂದೆ ನಾಲ್ಕು, ಮುಂದೆ ಎರಡು ಟೈರು. ಸವೆಯದಿದ್ದರೂ ರಬ್ಬರ್ ವಯಸ್ಸಾಗಿ ಬಿರುಕು ಬಿಡುತ್ತದೆ, ಕೆಲವು ವರ್ಷಕ್ಕೊಮ್ಮೆ ಆರನ್ನೂ ಬದಲಿಸಬೇಕು. ಮೇಲ್ಛಾವಣಿಯ ಸಂದುಗಳಿಗೆ ಆಗಾಗ ಅಂಟು ಬಳಿಯದಿದ್ದರೆ ಮಳೆ ನೀರು ಒಳಗಿನ ಮರವನ್ನು ಕೊಳೆಸಿಬಿಡುತ್ತದೆ. ಎಂಜಿನ್ ಕೆಟ್ಟರಂತೂ ಮನೆಯೇ ಗ್ಯಾರೇಜಿಗೆ ಹೋದಂತೆ. ಹೋದ ವರ್ಷ ಹನ್ನೊಂದು ದಿನ ಅವರು ಮೋಟೆಲಿನಲ್ಲಿ ಇರಬೇಕಾಯಿತು. ರಿಪೇರಿ ಬಿಲ್ಲಿನ ಕೆಳಗೇ ಮೋಟೆಲ್ ಬಿಲ್ಲನ್ನೂ ಬರೆದಿದ್ದರು.

ಎಲ್ಲಾ ಕೂಡಿದರೂ ಫೀನಿಕ್ಸ್‌ನ ಬಾಡಿಗೆಗಿಂತ ಕಡಿಮೆಯೇ, ಅದು ನಿಜ. ಬೆಳಿಗ್ಗೆ ಬಾಗಿಲು ತೆಗೆದರೆ ಬೆಟ್ಟ ಕಾಣುತ್ತೆ, ಅಕ್ಕಪಕ್ಕದವರು ಸೂಪ್ ಹಂಚಿಕೊಳ್ತಾರೆ ಅಂತ ಹೇಳುವಾಗ ಅವರ ಮುಖದಲ್ಲಿ ಹುಸಿ ಇರಲಿಲ್ಲ. ಆದರೆ ನಮ್ಮ ಸೈಟಿನ ಹಾಗೆ ಆ ಬಂಡಿಗೆ ಬೆಲೆ ಏರಲ್ಲ, ವರ್ಷವರ್ಷ ಇಳಿಯುತ್ತದೆ.

ಯಜಮಾನರು ತಮ್ಮ ಆಸೆಯನ್ನು ಅವರಿಗೆ ಹೇಳಿದರು. ಆಕೆ ನಗಲಿಲ್ಲ. “ಹತ್ತುವ ಮೊದಲೇ ಇಳಿಯೋಕೆ ಬೇಕಾದ ಹಣ ಬೇರೆ ತೆಗೆದಿಡಿ” ಅಂದರು. ಒಂದು ದಿನ ಕಣ್ಣು ಮಂಜಾಗುತ್ತದೆ, ಸ್ಟಿಯರಿಂಗ್ ಭಾರ ಆಗುತ್ತದೆ. ಆಗ ಮತ್ತೆ ಗೋಡೆಯ ಮನೆಗೆ ಹೋಗೋಕೆ ಅಡ್ವಾನ್ಸ್ ಬೇಕು, ತಿಂಗಳ ಬಾಡಿಗೆ ಬೇಕು.

“ನೀವು ತೆಗೆದಿಟ್ಟಿದ್ದೀರಾ?” ಅಂತ ಸೊಸೆ ಮೆಲ್ಲಗೆ ಕೇಳಿದಳು.

“ಟೈರಿಗೆ ಹೋಯ್ತು” ಅಂದರು.

ವಾಪಸ್ ಬರುವಾಗ ಕಾರಿನಲ್ಲಿ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಈಗ ಯಜಮಾನರ ಹಾಡು ಸ್ವಲ್ಪ ಬದಲಾಗಿದೆ. ಮನೆ ಮಾರೋ ಮಾತಿಲ್ಲ. ವರ್ಷಕ್ಕೊಮ್ಮೆ ಹತ್ತು ದಿನ ಬಾಡಿಗೆ ಬಂಡಿಯಲ್ಲಿ ಸುತ್ತಿ ಬರೋಣ ಅಂತಾರೆ. ನಾನೂ ತಯಾರು. ಸೊಸೆ ಫೋನ್ ಮಾಡಿದಾಗಲೆಲ್ಲ ನಾನು ಮೊದಲು ಕೇಳೋದು, ಆ ತಾಯಿಯ ಕಣ್ಣು ಹೇಗಿದೆ ಅಂತ.